ಕಿಟಕಿ ಕೈಗೆ ಬಂದರೆ ಗಾಬರಿಯಾಗಬೇಡಿ

ಜರ್ಮನಿಗೆ ಓದಲು ಹೊರಟವರು ವೀಸಾ, ವಿಮೆ, ಬ್ಲಾಕ್ಡ್ ಅಕೌಂಟಿಗೆ, ಅಂದರೆ ವರ್ಷದ ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟೆಂದು ಪಡೆಯುವ ಖಾತೆಗೆ ಹಾಕಬೇಕಾದ 11,904 ಯೂರೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ಹೋದ ಮೇಲೆ ಇವು ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಕಿಟಕಿ.

ಅಲ್ಲಿನ ಕಿಟಕಿಗೆ ಹಿಡಿ ಒಂದೇ, ಅವತಾರ ಮೂರು. ಹಿಡಿ ಕೆಳಮುಖವಾಗಿದ್ದರೆ ಮುಚ್ಚಿದೆ ಎಂದರ್ಥ. ಅಡ್ಡಕ್ಕೆ ತಿರುಗಿಸಿದರೆ ಬಾಗಿಲಿನಂತೆ ಒಳಕ್ಕೆ ತೆರೆದುಕೊಳ್ಳುತ್ತದೆ. ಮುಚ್ಚಿಕೊಂಡು ಮೇಲಕ್ಕೆ ತಿರುಗಿಸಿದರೆ ತಲೆಯನ್ನಷ್ಟೇ ಒಳಕ್ಕೆ ವಾಲಿಸಿ ಗಾಳಿ ಬಿಡುತ್ತದೆ. ಹೊಸಬರು ಮಾಡುವುದೇನೆಂದರೆ, ಕಿಟಕಿ ಪೂರ್ತಿ ತೆರೆದಿರುವಾಗಲೇ ಹಿಡಿಯನ್ನು ಮೇಲಕ್ಕೆ ತಿರುಗಿಸುವುದು. ಆಗ ಮೇಲಿನ ಕೀಲು ಬಿಟ್ಟುಕೊಂಡು ಇಡೀ ಗಾಜು ಕೆಳಗಿನ ಒಂದು ಮೂಲೆಯ ಮೇಲೆ ನೇತಾಡುತ್ತದೆ. ಅಡ್ವಾನ್ಸ್ ಎಂದು ಕೊಟ್ಟ ಮೂರು ತಿಂಗಳ ಬಾಡಿಗೆ ಕಣ್ಣ ಮುಂದೆ ಹಾದುಹೋಗುತ್ತದೆ. ಮುರಿದಿಲ್ಲ, ಬೀಳುವುದೂ ಇಲ್ಲ. ಕೀಲಿನ ಕಡೆಯ ಮೇಲಿನ ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಹಿಡಿಯನ್ನು ಮತ್ತೆ ಅಡ್ಡಕ್ಕೆ ತಂದು, ಮುಚ್ಚಿದರಾಯಿತು. ಇಬ್ಬರಿದ್ದರೆ ಒಳ್ಳೆಯದು: ಒಬ್ಬರು ಒತ್ತಲು, ಇನ್ನೊಬ್ಬರು ಧೈರ್ಯ ಹೇಳಲು.

ಬಾಗಿಲು ಇನ್ನೂ ಸೌಮ್ಯವಾಗಿ ಕೈಕೊಡುತ್ತದೆ. ಬಹಳಷ್ಟು ಮನೆಗಳಲ್ಲಿ ಬಾಗಿಲಿನ ಹೊರಗಡೆ ಇರುವುದು ತಿರುಗದ ಗುಂಡಿ. ಕಸ ಹಾಕಿ ಬರೋಣವೆಂದು ಇಳಿದಾಗ ಗಾಳಿಗೆ ಬಾಗಿಲು ಧಡ್ ಎಂದರೆ ಮುಗಿಯಿತು. ಕೀ, ಫೋನು ಒಳಗೆ, ಚಪ್ಪಲಿ ಹಾಕಿಕೊಂಡ ನೀವು ಹೊರಗೆ. ಕೀಯನ್ನು ಒಳಗಿನಿಂದ ಬೀಗದಲ್ಲೇ ಬಿಟ್ಟಿದ್ದರೆ ಇನ್ನೊಂದು ಕೀ ತಂದರೂ ಎಷ್ಟೋ ಬೀಗಗಳು ತೆರೆಯುವುದಿಲ್ಲ. ಹಾಸ್ಟೆಲಾದರೆ ಮೊದಲು ಹೌಸ್‌ಮೈಸ್ಟರನ್ನು, ಅಂದರೆ ಕಟ್ಟಡ ನೋಡಿಕೊಳ್ಳುವವರನ್ನು ಹುಡುಕಿ. ಬೀಗ ತೆಗೆಯುವವರನ್ನೇ ಕರೆಸಬೇಕಾದರೆ, ಅವರು ಹೊರಡುವ ಮೊದಲೇ ಎಲ್ಲ ಸೇರಿ ಎಷ್ಟಾಗುತ್ತದೆಂದು ಬಾಯಿಬಿಡಿಸಿಕೊಳ್ಳಿ. ರಾತ್ರಿಗೆ, ಭಾನುವಾರಕ್ಕೆ ದರವೇ ಬೇರೆ.

ಇನ್ನು ಕಾಗದ ಪತ್ರ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು; ಇದು ಆನ್‌ಮೆಲ್ಡುಂಗ್. ಅದಕ್ಕೆ ಪಾಸ್‌ಪೋರ್ಟಿನ ಜೊತೆ ಮನೆ ಕೊಟ್ಟವರ ಸಹಿ ಇರುವ ಒಂದು ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಉಸಿರು ಹಿಡಿದು ಅಭ್ಯಾಸ ಮಾಡಬೇಕಾಗಿಲ್ಲ, ಬರೆದುಕೊಂಡು ಹೋಗಿ ತೋರಿಸಿದರೆ ಸಾಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಈ ಪತ್ರವೇ ಬೇಕು. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಬೇಗ ಸಿಗುವುದಿಲ್ಲವಾದ್ದರಿಂದ ವಿಮಾನ ಹತ್ತುವ ಮೊದಲೇ ಹಿಡಿದಿಟ್ಟುಕೊಳ್ಳಿ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮುಗಿಸಿದವರೂ ಎಡವುವುದು ಅಂಚೆ ಡಬ್ಬದಲ್ಲಿ. ಅಲ್ಲಿ ಸಾಮಾನ್ಯವಾಗಿ ಫ್ಲಾಟಿಗೆ ನಂಬರು ಇರುವುದಿಲ್ಲ; ಕಟ್ಟಡಕ್ಕೆ ನಂಬರು, ಡಬ್ಬಕ್ಕೆ ಹೆಸರು. ಡಬ್ಬದ ಮೇಲೆ ನಿಮ್ಮ ಹೆಸರಿಲ್ಲವೆಂದರೆ ಅಂಚೆಯವರ ಲೆಕ್ಕದಲ್ಲಿ ನೀವು ಹುಟ್ಟಿಯೇ ಇಲ್ಲ, ಕಾಗದ ಬಂದ ದಾರಿಗೆ ವಾಪಸು. ತೆರಿಗೆ ನಂಬರು ಬರುವುದು ಅಂಚೆಯಲ್ಲಿ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಬೇರೊಂದು ದಿನ ಬೇರೊಂದು ಲಕೋಟೆಯಲ್ಲಿ. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬಂದು ಬೀಳುವುದು ಇದೇ ಬ್ಯಾಂಕಿನ ಖಾತೆಗೆ. ದುಡ್ಡಿದೆ, ಕಾರ್ಡಿದೆ, ಪಿನ್ ಮಾತ್ರ ಅಂಚೆಯವರ ಚೀಲದಲ್ಲಿ ಊರು ಸುತ್ತುತ್ತಿದೆ! ಸೂಟ್‌ಕೇಸ್ ಬಿಚ್ಚುವ ಮೊದಲು ಒಂದು ತುಂಡು ಕಾಗದ, ಒಂದಿಷ್ಟು ಟೇಪು ಹುಡುಕಿ. ಡಬ್ಬಕ್ಕೂ ಕರೆಗಂಟೆಗೂ ಹೆಸರು ಅಂಟಿಸಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂದು ಏನಿದೆಯೋ ಅದೇ ಹೆಸರು. ಅಲ್ಲಿ ತಂದೆಯ ಹೆಸರು ಕೂತಿದ್ದರೆ, ಓದು ಮುಗಿಯುವವರೆಗೂ ಕಚೇರಿಗಳಲ್ಲಿ ನಿಮ್ಮಪ್ಪನ ಹೆಸರು ಕೂಗುತ್ತಾರೆ, ಎದ್ದು ಹೋಗಬೇಕಾದವರು ನೀವು.

ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ತಪ್ಪು ತಪ್ಪು ಎನ್ನುತ್ತಿದ್ದರೆ ನಿಮ್ಮ ಜ್ಞಾಪಕಶಕ್ತಿಯನ್ನು ಬೈದುಕೊಳ್ಳಬೇಡಿ. ಜರ್ಮನ್ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಜಾಗ ಬದಲಿಸಿಕೊಂಡಿವೆ. ಇಮೇಲಿನ ಆ್ಯಟ್ ಚಿಹ್ನೆಗೆ ಆಲ್ಟ್ ಜಿಆರ್ ಜೊತೆ ಕ್ಯೂ ಒತ್ತಬೇಕು.

ಗಡಿಯಾರವೂ ಅಷ್ಟು ನಂಬಿಕಸ್ಥನಲ್ಲ. ‘ಹಾಲ್ಬ್ ದ್ರೈ’ ಎಂದರೆ ಪದಶಃ ಅರ್ಧ ಮೂರು. ಮೂರೂವರೆ ಎಂದುಕೊಂಡು ಹೋದವರು ಒಂದು ಗಂಟೆ ತಡ, ಏಕೆಂದರೆ ಅದು ಎರಡೂವರೆ. ತರಗತಿಯ ವೇಳಾಪಟ್ಟಿಯಲ್ಲಿ 10ರ ಮುಂದೆ ಸಿ.ಟಿ. ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಎಸ್.ಟಿ. ಎಂದಿದ್ದರೆ ಹತ್ತಕ್ಕೆ ಅಂದರೆ ಹತ್ತಕ್ಕೇ.

ರೈಲು ನಿಲ್ದಾಣದಲ್ಲಿ ಗೇಟಿಲ್ಲ, ತಡೆಯುವವರಿಲ್ಲ ಎಂದು ಹಿಗ್ಗಬೇಡಿ. ಎಷ್ಟೋ ಊರುಗಳಲ್ಲಿ ಟಿಕೆಟ್ ಕೊಂಡರೆ ಸಾಲದು, ಪುಟ್ಟ ಪೆಟ್ಟಿಗೆಯೊಳಗೆ ತೂರಿಸಿ ಮುದ್ರೆ ಒತ್ತಿಸಬೇಕು. ದುಡ್ಡು ಕೊಟ್ಟು ಮುದ್ರೆ ಮರೆತವರೂ ಟಿಕೆಟ್ ಇಲ್ಲದವರ ಸಾಲಿಗೇ, 60 ಯೂರೋ.

ಶನಿವಾರ ಸಂಜೆಯೊಳಗೆ ದಿನಸಿ ತಂದಿಟ್ಟುಕೊಳ್ಳಿ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಹಸಿದವರಿಗೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳೇ ಗತಿ. ತಂದ ಅಲ್ಯುಮಿನಿಯಂ ಕುಕ್ಕರನ್ನು ಇಂಡಕ್ಷನ್ ಒಲೆ ಗುರುತಿಸದಿದ್ದರೆ ಒಲೆ ಕೆಟ್ಟಿಲ್ಲ. ತಳಕ್ಕೆ ಅಯಸ್ಕಾಂತ ಅಂಟದ ಪಾತ್ರೆ ಅದಕ್ಕೆ ಪಾತ್ರೆಯೇ ಅಲ್ಲ. ನೀರಿನ ಬಾಟಲಿಯ ಮೇಲೆ ‘ಕ್ಲಾಸಿಕ್’ ಎಂದಿದ್ದರೆ ಒಳಗಿರುವುದು ಸೋಡಾ. ಸಾದಾ ನೀರು ಬೇಕಿದ್ದವರು ‘ಷ್ಟಿಲ್’ ಎಂದಿರುವುದನ್ನು ಹುಡುಕಬೇಕು, ಇಲ್ಲವೇ ಸುಮ್ಮನೆ ನಲ್ಲಿ ತಿರುಗಿಸಬೇಕು. ಆ ನೀರು ಚೆನ್ನಾಗಿಯೇ ಇದೆ.

ಸೋಡಾ ಕುಡಿದು ತೇಗಿದ ಮೇಲೆ ಬಾಟಲಿಯನ್ನು ಹಿಚುಕಿ ಎಸೆಯಬೇಡಿ. ಅದರ ಮೇಲೆ 25 ಸೆಂಟ್ ಠೇವಣಿ ಕೊಟ್ಟಿದ್ದೀರಿ. ಅಂಗಡಿಯ ಯಂತ್ರದ ಬಾಯಿಗೆ ಇಟ್ಟರೆ ಅದು ಬಾಟಲಿಯನ್ನು ತಿರುಗಿಸಿ ಬಾರ್‌ಕೋಡ್ ಓದುತ್ತದೆ. ಚಪ್ಪಟೆಯಾಗಿದ್ದರೆ ಓದಲಾಗದೆ ಹೊರಕ್ಕೆ ಉಗುಳುತ್ತದೆ. ಕೊನೆಯಲ್ಲಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ, ದುಡ್ಡಲ್ಲ. ಚೀಟಿಯನ್ನು ಕೌಂಟರಿನಲ್ಲಿ ಕೊಡಬೇಕು. ಆಮೇಲೆ ಕೊಟ್ಟರಾಯಿತೆಂದು ಪ್ಯಾಂಟಿನ ಜೇಬಿಗೆ ತುರುಕಿದ ಚೀಟಿಗಳು ವಾಷಿಂಗ್ ಮೆಷಿನ್ನಿನಿಂದ ಹಿಟ್ಟಾಗಿ ಹೊರಬರುತ್ತವೆ, ಕರಿ ಬಟ್ಟೆಗಳಿಗೆಲ್ಲ ಸಮನಾಗಿ ಹಂಚಿಕೊಂಡು.