ವೀಲ್‌ಚೇರ್ ಬಚ್ಚಲ ಬಾಗಿಲಲ್ಲೇ ನಿಂತೋಯ್ತು

ಕಳೆದ ಆಷಾಢದಲ್ಲಿ ಅಮ್ಮ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ಳು. ಶಿವಮೊಗ್ಗದಲ್ಲಿ ಆಪರೇಷನ್ ಆಯ್ತು, ತೀರ್ಥಹಳ್ಳಿ ಹತ್ರದ ನಮ್ಮನೆಗೆ ಕರ್ಕೊಂಡ್ ಬರ್ತಾ ವೀಲ್‌ಚೇರೂ ತಂದ್ವಿ, ಆದ್ರೆ ಅದು ಬಚ್ಚಲುಮನೆ ಒಳಗೆ ಹೋಗ್ಲೇ ಇಲ್ಲ. ದಾರಂದದ ಅಗಲ 2 ಅಡಿ, ಚೇರು 2 ಅಡಿ ಮೇಲೆ ಚೂರು. ಮನೆ ಕಟ್ಟಿ ಆರೇ ವರ್ಷ, ನಾನೇ ನಿಂತು ಕಟ್ಸಿದ್ದು. ಇಬ್ರು ಹಿಡ್ಕೊಂಡು ಎತ್ತಿ ಒಳಗೆ ಕೂರಿಸ್ವಾಗ "ನಿಂಗೆ ಕಷ್ಟ ಆತಲ್ಲೋ" ಅಂದ್ಳು, ಆ ಮಾತು ಇನ್ನೂ ಕಿವೀಲಿದೆ.

ಅವತ್ತಿಂದ ಮನೆ ಕಟ್ಟೋರು ಯಾರೇ ಸಿಕ್ರೂ ಹೇಳ್ತೀನಿ, ಬಾಗಿಲೆಲ್ಲ 3 ಅಡಿ ಇಡ್ಸಿ, ಬಚ್ಚಲದ್ದು ಮೊದ್ಲು. ಅದು ಹೊರಗಡೆಗೆ ತೆಗೆಯೋ ಹಾಗಿರ್ಲಿ, ಯಾಕಂದ್ರೆ ಒಳಗೆ ಬಿದ್ದೋರು ಬಾಗಿಲಿಗೇ ಅಡ್ಡ ಆದ್ರೆ ಒಳಕ್ಕೆ ತಳ್ಳೋಕಾಗಲ್ಲ. ಚೇರ್ ತಿರುಗ್ಸೋಕೆ ಸುಮಾರು 5 ಅಡಿ ಜಾಗ ಬೇಕು. ಹಿಡಿಕೆ ಈಗ್ಲೇ ಬೇಕು ಅಂತಿಲ್ಲ, ಕಮೋಡ್ ಪಕ್ಕದ ಗೋಡೆ ಗಟ್ಟಿ ಇದ್ರೆ ಬೇಕಾದಾಗ ಬೋಲ್ಟ್ ಹೊಡಿಬೋದು. ಕೆಳಗೆ ಒಂದು ಕೋಣೆ ಬಿಡಿ, ಈಗ ಅಡಿಕೆ ಚೀಲ ಇಟ್ಕೊಳ್ಳಿ, ನಾಳೆ ಅಲ್ಲೇ ಮಂಚ ಹಾಕ್ಬೋದು.

ವಯಸ್ಸಾದೋರ ವಿಷ್ಯ ಮಾತ್ರ ಅಲ್ಲ ಇದು. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯೋಕೆ ಬರ್ತಿದ್ದ ಹುಡುಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಮನೇಲೇ ಇದಾನೆ, ಅವ್ನ ಮನೆ ಹೊಸ್ತಿಲು ದಾಟೋಕೆ ದಿನಾ ಯಾರಾದ್ರೂ ಎತ್ತಬೇಕು. ಅಮೆರಿಕದ ಆರ್ಕಿಟೆಕ್ಟ್ ರಾನ್ ಮೇಸ್‌ಗೆ 9ನೇ ವಯಸ್ಸಲ್ಲಿ ಪೋಲಿಯೋ ಆಗಿತ್ತು, ವೀಲ್‌ಚೇರಲ್ಲೇ ಓಡಾಡ್ತಿದ್ರು, ಯೂನಿವರ್ಸಲ್ ಡಿಸೈನ್ ಅನ್ನೋ ಮಾತು ಕೊಟ್ಟಿದ್ದೇ ಅವ್ರು. ಎಲ್ಲರಿಗೂ ಆಗೋ ಹಾಗೆ ಮೊದಲೇ ಕಟ್ಟಿ ಅನ್ನೋದು ಅದರ ಅರ್ಥ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾನೂನು ಇದೆ, ಆದ್ರೆ ಅದು ಹೆಚ್ಚಾಗಿ ಸಾರ್ವಜನಿಕ ಕಟ್ಟಡಗಳ ಮಾತಾಡತ್ತೆ, ನಮ್ಮನೆ ಬಚ್ಚಲು ನಾವೇ ನೋಡ್ಕೋಬೇಕು.

ನಮ್ಮೂರ ಮಳೆಗೆ ಪಾಯ ಎತ್ತರ ಬೇಕೇ ಬೇಕು, ರ‍್ಯಾಂಪ್ ಎಲ್ಲಾಗತ್ತೆ ಅಂತಾರೆ ಮೇಸ್ತ್ರಿಗಳು. ಹೌದು, 1 ಅಡಿ ಏರೋಕೆ 12 ಅಡಿ ಉದ್ದ ಬೇಕು, 2 ಅಡಿ ಪಾಯಕ್ಕೆ 24 ಅಡಿ, ಎಲ್ಲರ ಹತ್ರ ಅಷ್ಟು ಅಂಗಳ ಇರಲ್ಲ. ಆದ್ರೆ ಮಲೆನಾಡಲ್ಲಿ ನಾವು ಧರೆ, ಅಂದ್ರೆ ಗುಡ್ಡದ ಬದಿ, ಕಡಿದು ಮನೆ ಕಟ್ತೀವಲ್ಲ, ಸುಮಾರು ಮನೆಗಳಲ್ಲಿ ಮುಂದೆ ನಾಲ್ಕು ಮೆಟ್ಲಿದ್ರೂ ಧರೆ ಕಡೆ ನೆಲ ಒಳಗಿನ ಮಟ್ಟಕ್ಕೇ ಬಂದಿರತ್ತೆ. ಆ ಕಡೆ ಹೊಸ್ತಿಲಿಲ್ಲದ ಬಾಗಿಲೊಂದು ಇಟ್ರೆ ರ‍್ಯಾಂಪೇ ಬೇಡ. ಧರೆ ನೀರು ಹೋಗೋಕೆ ಚರಂಡಿ, ಅದ್ರ ಮೇಲೆ ಸಣ್ಣ ಕಿಂಡಿ ಜಾಲರಿ, ತಲೆ ಮೇಲೆ ಶೀಟು. ನೆಲಕ್ಕೆ ನುಣ್ಣನೆ ಟೈಲ್ಸ್ ಮಾತ್ರ ಬೇಡ, ಮಳೆಗಾಲದಲ್ಲಿ ಜಾರತ್ತೆ.

ನಾವು ಹಾಗೇ ಮಾಡಿದ್ವಿ, ಬಚ್ಚಲ ಗೋಡೇನೂ ಒಡೆಸಿದ್ವಿ. ಮೊದಲೇ ಇಟ್ಟಿದ್ರೆ ಬಾಗಿಲು ಅಗಲ ಮಾಡೋಕೆ ಹೆಚ್ಚೇನೂ ಖರ್ಚು ಇರ್ಲಿಲ್ಲ. ಅಮ್ಮ ಈಗ ಬೆಳಿಗ್ಗೆ ಎದ್ದು ಆ ಬಾಗಿಲಿಂದ ತಾನೇ ಹೊರಗೆ ಬಂದು ದಾಸವಾಳ ಕೊಯ್ತಾಳೆ. ಅದೇ ದಾರಿ ಕೊಟ್ಟಿಗೆವರೆಗೂ ಹಾಕ್ಸು ಅಂತ ಒಂದೇ ಸಮ ಹೇಳ್ತಿದಾಳೆ, ಮಳೆ ಹಿಡಿಯೋದ್ರೊಳಗೆ ಮಾಡ್ಸ್ಬೇಕು.