ಕಿಟಕಿ ಸೀಟಿನ ಪುಣ್ಯಾತ್ಮರು

ಆ ಫೋಟೊ ನೀವೂ ನೋಡಿರುತ್ತೀರಿ. ವಿಮಾನದ ಕಿಟಕಿ, ಹೊರಗೆ ರೆಕ್ಕೆಯ ತುದಿ, ಕೆಳಗೆ ಮೋಡ. ಮೂಲೆಯಲ್ಲಿ ಏನೂ ಗೊತ್ತಿಲ್ಲದ ಹಾಗೆ ಬಂದು ಕೂತಿರುವ ಹೊಸ ಕೈಗಡಿಯಾರ. ಮೇಲೆ ಒಂದೇ ಒಂದು ಪದ: ಬ್ಲೆಸ್ಡ್.

ಕಾರಿನ ಕೀಲಿ ಕೈಗೆ ಬಂದರೂ ಬ್ಲೆಸ್ಡ್, ಪ್ರಮೋಷನ್ ಸಿಕ್ಕರೂ ಬ್ಲೆಸ್ಡ್, ಆರು ತಿಂಗಳು ಬೆವರು ಸುರಿಸಿ ಹೊಟ್ಟೆ ಕರಗಿಸಿದರೂ ಬ್ಲೆಸ್ಡ್. ಅಲ್ಲಾ ಸ್ವಾಮಿ, ಟಿಕೆಟ್ ಬುಕ್ ಮಾಡಿದ್ದು ನೀವು. ಕಿಟಕಿ ಸೀಟಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೂ ನೀವೇ. ದೇವರನ್ನು ಸುಮ್ನೆ ಯಾಕೆ ಮಧ್ಯೆ ಎಳೆಯುತ್ತೀರಿ? ಆದರೂ ಪದ ಭಲೇ ಚುರುಕು, ಮೆಚ್ಚಲೇಬೇಕು. ‘ನನ್ನ ಹತ್ತಿರ ದುಡ್ಡಿದೆ ನೋಡ್ರೋ’ ಅಂದರೆ ಜಂಬ. ಬ್ಲೆಸ್ಡ್ ಅಂದರೆ ವಿನಯ. ಈಗ ಹೊಟ್ಟೆಕಿಚ್ಚು ಪಟ್ಟವನೇ ಪಾಪಿ.

ಕ್ಯಾಥೊಲಿಕ್ ಚರ್ಚಿನಲ್ಲಿ ಬ್ಲೆಸ್ಡ್ ಅನ್ನುವುದು ಒಂದು ಪದವಿ. ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ. ಅದನ್ನು ಹಾಗೆಲ್ಲ ಹಂಚುವುದಿಲ್ಲ. ಮೊದಲು ಸಾಯಬೇಕು. ಆಮೇಲೆ ಬದುಕನ್ನೆಲ್ಲ ಜಾಲಾಡುತ್ತಾರೆ. ಹುತಾತ್ಮರಲ್ಲದಿದ್ದರೆ ಸಾಮಾನ್ಯವಾಗಿ ಒಂದು ಪವಾಡವೂ ಸಾಬೀತಾಗಬೇಕು. ಮದರ್ ತೆರೇಸಾ ತೀರಿಕೊಂಡಿದ್ದು 1997ರಲ್ಲಿ, ಬ್ಲೆಸ್ಡ್ ಆಗಿದ್ದು 2003ರಲ್ಲಿ. ಅದೂ ಸತ್ತು ಐದು ವರ್ಷ ಆದಮೇಲಷ್ಟೇ ಈ ಜಾಲಾಟ ಶುರುಮಾಡಬೇಕೆಂಬ ನಿಯಮವನ್ನು ಪೋಪ್ ಸಡಿಲಿಸಿದ್ದಕ್ಕೆ. ಆ ಫೋಟೊ ಹಾಕಿದ ನಮ್ಮ ಗೆಳೆಯ ಬೋರ್ಡಿಂಗ್ ಗೇಟ್ ದಾಟುವಷ್ಟರಲ್ಲಿ ಆಗಿಬಿಟ್ಟ. ಪವಾಡ ಏನಪ್ಪಾ ಅಂದರೆ, ಪಕ್ಕದ ಸೀಟು ಖಾಲಿ ಇತ್ತಂತೆ.

ಪದದ ಬೇರು ಕೆದಕಿದರೆ ಇನ್ನೂ ಮಜಾ ಇದೆ. ಬ್ಲೆಸ್ ಹುಟ್ಟಿದ್ದು ಬ್ಲಡ್ ಅನ್ನುವ ಪದದ ಮನೆತನದಲ್ಲೇ ಅನ್ನುತ್ತಾರೆ ಭಾಷೆ ಬಲ್ಲವರು. ರಕ್ತ ಹಚ್ಚಿ ಪವಿತ್ರ ಮಾಡುವುದು ಅದರ ಹಳೆಯ ಅರ್ಥ. ಲ್ಯಾಟಿನ್ ಬೈಬಲಿನಲ್ಲಿದ್ದ ಬೆನೆಡಿಚೆರೆಗೆ, ಅಂದರೆ ಒಳ್ಳೆಯ ಮಾತಾಡುವುದಕ್ಕೆ, ಇಂಗ್ಲಿಷಿನವರು ಇದೇ ರಕ್ತದ ಪದವನ್ನು ತಂದು ಕೂರಿಸಿದರು. ಆಮೇಲೆ ಅದು ಹೋಗದ ಜಾಗವಿಲ್ಲ. ಸೀನಿದರೆ ಬ್ಲೆಸ್ ಯೂ. 590ರಲ್ಲಿ ರೋಮಿಗೆ ಪ್ಲೇಗ್ ಬಡಿದಾಗ ಪೋಪ್ ಗ್ರೆಗರಿ ಶುರುಮಾಡಿಸಿದ್ದು ಅಂತ ಒಂದು ಕಥೆಯೂ ಇದೆ. ದಿನವೆಲ್ಲ ಹಾಳಾಯಿತು ಅಂತ ಗೊಣಗುವುದಕ್ಕೂ ‘ಹೋಲ್ ಬ್ಲೆಸ್ಡ್ ಡೇ’. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ‘ಬ್ಲೆಸ್ ಹಿಸ್ ಹಾರ್ಟ್’ ಅಂದರೆ ಎಷ್ಟೋ ಸಲ ‘ಪಾಪ, ತಲೆ ಕಮ್ಮಿ’ ಅಂತ ಅರ್ಥ. ನಮಗೇನು ಇದು ಹೊಸದಲ್ಲ. ‘ಆ ಪುಣ್ಯಾತ್ಮ ಫೋನೇ ಎತ್ತಲ್ಲ ಕಣ್ರೀ’ ಅನ್ನುವಾಗ ನಾವೂ ಅವನ ಪುಣ್ಯದ ಲೆಕ್ಕ ನೋಡಿರುವುದಿಲ್ಲ.

ಒಮ್ಮೆ ನನಗೂ ಈ ಭಾಗ್ಯ ಸಿಕ್ಕಿತ್ತು, ಇಮೇಲಿನಲ್ಲಿ. ಮೊದಲ ಸಾಲು: ಅರ್ಜಿ ಹಾಕಿದ್ದಕ್ಕೆ ಧನ್ಯವಾದ. ಎರಡನೇ ಸಾಲು: ಕೆಲಸ ಇಲ್ಲ. ಮೂರನೇ ಸಾಲು: ಹ್ಯಾವ್ ಎ ಬ್ಲೆಸ್ಡ್ ಡೇ. ತಿರುಗಿ ನಾಲ್ಕು ಮಾತು ಬರೆಯೋಣ ಅಂದರೆ ಆ ವಿಳಾಸಕ್ಕೆ ಉತ್ತರ ಕಳಿಸುವಂತಿಲ್ಲ. ಆಶೀರ್ವಾದವೂ ಒನ್ ವೇ.

ಇದಕ್ಕೆಲ್ಲ ನಕ್ಕುಬಿಡಬಹುದು. ಆದರೆ ಅಪಘಾತದ ಸುದ್ದಿ ಬಂದ ಸಂಜೆ, ‘ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು, ಕೊನೇ ಗಳಿಗೆಯಲ್ಲಿ ಪ್ಲಾನ್ ಬದಲಾಯ್ತು, ಬ್ಲೆಸ್ಡ್’ ಅಂತ ಹಾಕುತ್ತಾರಲ್ಲ, ಆಗ ಮೈ ಉರಿಯುತ್ತದೆ. ಹಾಗಾದರೆ ಬಸ್ಸು ಹತ್ತಿದವರ ಮೇಲೆ ದೇವರಿಗೆ ಏನು ಸಿಟ್ಟಿತ್ತು? ಅವರ ಮನೆಯವರ ಕೈಯಲ್ಲೂ ಫೋನ್ ಇರುತ್ತದೆ. ಅವರೂ ಓದುತ್ತಾರೆ. ಉಳಿದಿದ್ದಕ್ಕೆ ಖುಷಿ ಪಡಿ, ಮನೆಯವರನ್ನು ತಬ್ಬಿಕೊಂಡು ಅಳಿ, ಬೇಡ ಅಂದವರು ಯಾರು? ಅದನ್ನು ಪ್ರಕಟಿಸಲೇಬೇಕಾ? ಅವತ್ತೇ? ಸಾಕಾಗಿದೆ.

ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ, ಯಾರ್ಯಾರು ಬ್ಲೆಸ್ಡ್ ಅಂತ ಯೇಸು ಹೇಳುತ್ತಾನೆ. ಕನ್ನಡ ಬೈಬಲಿನಲ್ಲಿ ಅವರು ‘ಧನ್ಯರು’. ದುಃಖಪಡುವವರು, ಶಾಂತರು, ಕರುಣೆಯುಳ್ಳವರು, ನೀತಿಗಾಗಿ ಹಿಂಸೆ ಪಟ್ಟವರು. ಎರಡು ಸಲ ಓದಿದೆ. ಕಿಟಕಿ ಸೀಟಿನವರು ಸಿಗಲಿಲ್ಲ.

ಅಂದ ಹಾಗೆ, ಆ ಫೋಟೊಗೆ ನಾನೂ ಲೈಕ್ ಒತ್ತಿದ್ದೇನೆ. ಗೆಳೆಯ ಅಲ್ವಾ.