ಸ್ಪಷ್ಟನೆ: ಡಗ್ ನಿಕೋಲ್ಸ್ ಮೊದಲಿಗರಲ್ಲ

ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲಿನ ವಿಕ್ಟೋರಿಯನ್ ಫುಟ್ಬಾಲ್ ಲೀಗಿನಲ್ಲಿ ಆಡಿದ ಮೊದಲ ಆಸ್ಟ್ರೇಲಿಯನ್ ಮೂಲನಿವಾಸಿ ಸರ್ ಡಗ್ ನಿಕೋಲ್ಸ್ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ತಿಳಿದಿರುವ ಮಟ್ಟಿಗೆ ಆ ಸ್ಥಾನ ಜೋ ಜಾನ್ಸನ್ ಅವರದು. ಅವರು 1904ರಲ್ಲೇ ಫಿಟ್ಜ್‌ರಾಯ್ ತಂಡ ಸೇರಿ, 1904 ಮತ್ತು 1905ರ ಚಾಂಪಿಯನ್ ತಂಡಗಳಲ್ಲಿದ್ದರು. ನಿಕೋಲ್ಸ್ ಹುಟ್ಟಿದ್ದೇ 1906ರಲ್ಲಿ, ಮರ್ರೆ ನದಿಯ ದಡದ ಕಮೆರಗುಂಜದಲ್ಲಿ.

ಹಾಗೆಂದು ನಿಕೋಲ್ಸ್ ಅವರ ಹಿರಿಮೆ ಕುಂದುವುದಿಲ್ಲ. ಟೊಂಗಾಲದಂಥ ಹಳ್ಳಿ ತಂಡದಿಂದ ಬಂದ, ಐದಡಿ ಎರಡಂಗುಲದ ಮಿಂಚಿನ ಓಟಗಾರ ಅವರು. 1927ರಲ್ಲಿ ಕಾರ್ಲ್‌ಟನ್ ತಂಡಕ್ಕೆ ಹೋದಾಗ ಅವರ ಮೈಗೆ ಮಾಲೀಸು ಮಾಡಲು ಸಿಬ್ಬಂದಿ ಒಪ್ಪಲಿಲ್ಲ; ಬಣ್ಣವೇ ಕಾರಣ. ಇದನ್ನು ಬರೆಯುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ. ನಾರ್ತ್‌ಕೋಟ್ ತಂಡ ಅವರನ್ನು ಬರಮಾಡಿಕೊಂಡಿತು, 1929ರಲ್ಲಿ ತನ್ನ ಲೀಗಿನ ಚಾಂಪಿಯನ್ ಆಯಿತು. 1932ರಲ್ಲಿ ಫಿಟ್ಜ್‌ರಾಯ್ ಸೇರಿ ಡ್ರೆಸ್ಸಿಂಗ್ ಕೋಣೆಯಲ್ಲಿ ಒಂಟಿಯಾಗಿ ಕುಳಿತಿದ್ದಾಗ, ತಂಡದ ತಾರೆ ಹೇಡನ್ ಬಂಟನ್ ಬಂದು ಪಕ್ಕದಲ್ಲೇ ಜಾಗ ಮಾಡಿಕೊಂಡರು. ಅಲ್ಲಿ ನಿಕೋಲ್ಸ್ 54 ಪಂದ್ಯ ಆಡಿದರು.

‘ಮೊದಲಿಗ’ ಎಂಬ ಪದ ನಿಜವಾಗಿ ಸಲ್ಲುವುದು ಬೇರೆ ಕಡೆ: 1972ರಲ್ಲಿ ನೈಟ್ ಪದವಿ ಪಡೆದ ಮೊದಲ ಮೂಲನಿವಾಸಿ, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯದ ರಾಜ್ಯಪಾಲರಾಗಿ ಅಂಥ ಹುದ್ದೆಗೇರಿದ ಮೊದಲ ಮೂಲನಿವಾಸಿ ಅವರೇ. ಅನಾರೋಗ್ಯದಿಂದ 1977ರ ಏಪ್ರಿಲ್‌ನಲ್ಲಿ ಆ ಹುದ್ದೆ ತೊರೆದರು. ಜಾನ್ಸನ್ ಅವರ ಹೆಸರನ್ನು ದಯವಿಟ್ಟು ಅಳಿಸಬೇಡಿ.